ಕೂವೆಮರದ ಬುಡದಲ್ಲಿ ಎರಡೂ ಕೈ ಬಿಡುವಾಗಿರಬೇಕಾದರೆ

ಕಾರವಾರದ ಕಡಲಿನಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಗಾಳಿಯ ದಿನಚರಿ ಹೆಚ್ಚು ಕಡಿಮೆ ಒಂದೇ ತೆರನಾಗಿರುತ್ತದೆ. ಬೆಳಗಿನ ಜಾವ ಘಟ್ಟದ ಕಡೆಯಿಂದ ನೆಲಗಾಳಿ ಹಗುರವಾಗಿ ಬೀಸುತ್ತದೆ. ಬಿಸಿಲೇರಿದಂತೆ ಅದು ಅಡಗಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಬೈತಕೋಲದ ಕೊಲ್ಲಿಯೊಳಗೆ ಈ ಗಾಳಿ ಹಿತವೆನಿಸಿದರೂ, ದೇವಗಡದ ದೀಪಸ್ತಂಭವನ್ನು ದಾಟಿ ದ್ವೀಪಗಳ ಮರೆ ತಪ್ಪಿದ ಕೂಡಲೇ ಅಲೆಗಳ ಸ್ವರೂಪವೇ ಬದಲಾಗುತ್ತದೆ. ಗೋವೆಯ ಕಡೆಗೆ ಹೊರಟ ಹಾಯಿದೋಣಿಗಂತೂ ಗಾಳಿ ಎದುರಿನಿಂದಲೇ ಸಿಗುವುದರಿಂದ, ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡು, ಅಲೆಗೆ ಮೂತಿ ಬಡಿಯುತ್ತ ಸಾಗಬೇಕಾಗುತ್ತದೆ. ಹಾಯಿಯನ್ನು ಕಿರಿದು ಮಾಡಬೇಕಾದ ಅಗತ್ಯ ಬೀಳುವುದು ಸರಿಯಾಗಿ ಆ ಹೊತ್ತಿಗೇ. ಆಗ ಯಾರಾದರೂ ಒಬ್ಬರು ಚುಕ್ಕಾಣಿಯ ಬಳಿಯ ಭದ್ರವಾದ ಜಾಗವನ್ನು ಬಿಟ್ಟು, ಒದ್ದೆಯಾದ ಡೆಕ್ಕಿನ ಮೇಲೆ ನಡೆದು, ಹಾಯಿಯನ್ನು ಹೊತ್ತು ನಿಂತ ಕಂಬವಾದ ಕೂವೆಮರದ ಬುಡದಲ್ಲಿ ಹೋಗಿ ನಿಲ್ಲಬೇಕು.

ಅಲ್ಲಿ ಮಾಡಬೇಕಾದ ಕೆಲಸವನ್ನು ನೋಡಿದರೆ ಅಪಾಯ ಎಲ್ಲಿದೆ ಎಂಬುದು ತಾನಾಗಿ ತಿಳಿಯುತ್ತದೆ. ಹಾಯಿಯನ್ನು ಎತ್ತಿ ಹಿಡಿದಿರುವ ಹ್ಯಾಲಿಯಾರ್ಡ್ ಹಗ್ಗವನ್ನು ವಿಂಚಿನಿಂದ, ಅಂದರೆ ಹಗ್ಗ ಸುತ್ತಿ ಎಳೆಯುವ ಉರುಳೆಯಿಂದ, ಹದವಾಗಿ ಸಡಿಲಿಸಬೇಕು. ಪಟಪಟಿಸುತ್ತಿರುವ ಹಾಯಿಯನ್ನು ಕೆಳಗೆಳೆದು, ಅದರ ಅಂಚಿನಲ್ಲಿರುವ ಉಂಗುರವನ್ನು, ಹಾಯಿಯ ಕೆಳ ಅಂಚನ್ನು ಹಿಡಿದಿರುವ ಬೂಮ್ ಎಂಬ ಅಡ್ಡದಂಡ ಕೂವೆಗೆ ಸೇರುವಲ್ಲಿನ ಕೊಕ್ಕೆಗೆ ಸಿಕ್ಕಿಸಬೇಕು. ಅನಂತರ ಹಗ್ಗವನ್ನು ಮತ್ತೆ ಬಿಗಿದು, ವಿಂಚಿನ ಹಿಡಿಯನ್ನು ತಿರುಗಿಸಬೇಕು. ಇವುಗಳಲ್ಲಿ ಒಂದು ಕೈಯಲ್ಲಿ ಆಗುವ ಕೆಲಸ ಒಂದೂ ಇಲ್ಲ. ದೋಣಿಯ ಮೇಲೆ ಓಡಾಡುವಾಗ ಒಂದು ಕೈಯಲ್ಲಿ ಏನನ್ನಾದರೂ ಹಿಡಿದೇ ಇರಬೇಕು ಎಂದು ಎಲ್ಲರಿಗೂ ಕಲಿಸುತ್ತಾರೆ. ಆ ನಿಯಮ ಮುರಿಯಲೇಬೇಕಾದ ಜಾಗವೆಂದರೆ ಕೂವೆಮರದ ಬುಡ. ಹಿಂದೆ ಈ ಕರಾವಳಿಯಿಂದ ಸರಕು ಹೊತ್ತು ಹೋಗುತ್ತಿದ್ದ ಪತ್ತೆಮಾರಿಗಳಲ್ಲಿ ಹಾಯಿ ಏರಿಸಲು ಹಲವು ಖಲಾಸಿಗಳು ಒಟ್ಟಿಗೆ ಹಗ್ಗಕ್ಕೆ ಕೈ ಹಾಕುತ್ತಿದ್ದರು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ, ಹಲಗೆಗಳನ್ನು ಹಗ್ಗದಿಂದ ಹೊಲಿದು ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯದ ಚೌಕ ಹಾಯಿಗಳಿಗೂ ಹಲವರ ಕೈ ಬೇಕು. ಆದರೆ ಹತ್ತು ಹನ್ನೆರಡು ಮೀಟರ್ ಉದ್ದದ ಇಂದಿನ ಹಾಯಿದೋಣಿಯಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಒಬ್ಬರು ಚುಕ್ಕಾಣಿ ಬಿಡುವಂತಿಲ್ಲ, ಇನ್ನೊಬ್ಬರು ಹಲವು ಸಲ ನಿದ್ದೆಯಲ್ಲಿರುತ್ತಾರೆ. ಕೂವೆಯ ಬಳಿ ನಿಲ್ಲುವವರು ಒಂಟಿ.

ಅನುಭವವೊಂದೇ ಇಲ್ಲಿ ಕಾಪಾಡುವುದಿಲ್ಲ ಎಂಬುದಕ್ಕೆ ಎರಿಕ್ ತಾಬರ್ಲಿ ಅವರ ಸಾವಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟುವ ಸ್ಪರ್ಧೆಯನ್ನು 1964ರಲ್ಲಿ ಮತ್ತು 1976ರಲ್ಲಿ ಗೆದ್ದ ಈ ಫ್ರೆಂಚ್ ನಾವಿಕ, 1998ರ ಜೂನ್ ತಿಂಗಳ ಒಂದು ರಾತ್ರಿ, ತಾವು ಹುಡುಗುತನದಿಂದ ಬಲ್ಲ ಪೆನ್ ಡ್ಯುಯಿಕ್ ದೋಣಿಯಲ್ಲಿ ಐರಿಷ್ ಸಮುದ್ರದ ಮೇಲೆ ಸಾಗುತ್ತಿದ್ದಾಗ, ಹಾಯಿಯ ಕೆಲಸದ ನಡುವೆ ಗಾಫ್ ಎಂಬ, ಹಾಯಿಯ ಮೇಲಂಚಿನ ಅಡ್ಡದಂಡ ಬಡಿದು ಕಡಲಿಗೆ ಬಿದ್ದರು. ಅವರು ಬದುಕಿ ಸಿಗಲಿಲ್ಲ.

ಕೂವೆಮರದ ಎಡಬಲಗಳಲ್ಲಿ ಸೊಂಟದೆತ್ತರಕ್ಕೆ ನಿಲ್ಲಿಸುವ ಕೊಳವೆ ಕಂಬಿಗಳು ಹುಟ್ಟಿಕೊಂಡದ್ದು ಈ ಒಂದು ಜಾಗಕ್ಕಾಗಿ. ನಾವಿಕರು ಇವನ್ನು ಗ್ರ್ಯಾನಿ ಬಾರ್ ಎಂದೋ ಮಾಸ್ಟ್ ಪುಲ್ಪಿಟ್ ಎಂದೋ ಕರೆಯುತ್ತಾರೆ. ನಾನು ಈ ಲೇಖನದಲ್ಲಿ ಆಸರೆ ಕಂಬಿ ಎನ್ನುತ್ತೇನೆ. ಇವನ್ನು ಮಾಡಿಸಲು ಹೊರಡುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಏನೆಂದರೆ, ಇದು ಕೈಯಿಂದ ಹಿಡಿದುಕೊಳ್ಳುವ ಕಟಕಟೆಯಲ್ಲ, ಮೈಯನ್ನು ಒರಗಿಸಿ ನಿಲ್ಲುವ ಆಸರೆ. ಬಲೆ ಎಳೆಯುವ ಮೀನುಗಾರರು ದೋಣಿಯ ಅಂಚಿಗೆ ತೊಡೆಯನ್ನು ಒತ್ತಿ ನಿಂತು ಎರಡೂ ಕೈಗಳನ್ನು ಬಲೆಗೆ ಬಿಡುವ ಹಾಗೆಯೇ, ಇಲ್ಲಿ ಸೊಂಟದ ಹಿಂಭಾಗವನ್ನು ಕಂಬಿಗೆ ಕೊಟ್ಟು, ಕಾಲಗಲಿಸಿ ನಿಂತು, ಎರಡೂ ಕೈಗಳನ್ನು ಹಗ್ಗಕ್ಕೆ ಬಿಡಬೇಕು. ಎತ್ತರ, ಅಂತರ, ಆಕಾರ, ಕಾಲುಗಳ ಜಾಗ ಎಲ್ಲವೂ ಈ ಒಂದು ಉದ್ದೇಶದಿಂದ ತೀರ್ಮಾನವಾಗಬೇಕು. ದೋಣಿಯ ಅಂದಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆಯಿಂದ ಶುರುಮಾಡಿದ ಕಂಬಿಗಳು ಸಾಮಾನ್ಯವಾಗಿ ತಗ್ಗಾಗಿರುತ್ತವೆ, ತಗ್ಗಾದ ಕಂಬಿ ಅಪಾಯಕಾರಿ.

ತಗ್ಗಾದರೆ ಏಕೆ ಅಪಾಯ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಂತ ಮನುಷ್ಯನ ಗುರುತ್ವಕೇಂದ್ರ ಅವನ ಎತ್ತರದ ಸುಮಾರು ಶೇಕಡಾ 55ರಷ್ಟು ಮೇಲಿರುತ್ತದೆ, 165 ಸೆಂ.ಮೀ. ಎತ್ತರದವರಲ್ಲಿ ಅದು ಡೆಕ್ಕಿನಿಂದ ಸುಮಾರು 90 ಸೆಂ.ಮೀ. ಮೇಲೆ, ಹೊಕ್ಕುಳಿಗಿಂತ ತುಸು ಕೆಳಗೆ ಬರುತ್ತದೆ. ಮೈಯನ್ನು ತಡೆಯುವ ಕಂಬಿ ಈ ಬಿಂದುವಿನ ಸಮೀಪಕ್ಕೆ ತಾಗಿದರೆ ಮನುಷ್ಯ ನಿಲ್ಲುತ್ತಾನೆ. ಬಹಳ ಕೆಳಗೆ ತಾಗಿದರೆ ಕಾಲು ಅಲ್ಲೇ ತಡೆದು, ಮೈಯ ಮೇಲ್ಭಾಗ ಮುಂದುವರಿದು, ಕಂಬಿಯ ಮೇಲಿಂದ ಮಗುಚಿ ಬೀಳುತ್ತಾನೆ. ದೋಣಿಯ ಅಂಚಿನುದ್ದಕ್ಕೂ ಇರುವ ತಂತಿಬೇಲಿಯ ಕೊರತೆಯೂ ಇದೇ. ವರ್ಲ್ಡ್ ಸೇಲಿಂಗ್ ಸಂಸ್ಥೆಯ ಸುರಕ್ಷತಾ ನಿಯಮಗಳು ಆಳಸಮುದ್ರಕ್ಕೆ ಹೋಗುವ, 8.5 ಮೀಟರಿಗಿಂತ ಉದ್ದದ ದೋಣಿಗಳಲ್ಲಿ ಈ ಬೇಲಿ ಕನಿಷ್ಠ 600 ಮಿ.ಮೀ. ಎತ್ತರವಿರಬೇಕು ಎನ್ನುತ್ತವೆ. ಡೆಕ್ಕಿನ ಮೇಲೆ ಜಾರಿ ಉರುಳಿದವರನ್ನು ಅದು ತಡೆಯಬಲ್ಲುದು, ಆದರೆ ನಿಂತಿದ್ದವರು ಮುಗ್ಗರಿಸಿ ಬಂದರೆ ಅದು ತಾಗುವುದು ತೊಡೆಗೆ.

ಹಾಗಾದರೆ ಆಸರೆ ಕಂಬಿಯ ತುದಿ ಎಷ್ಟು ಎತ್ತರದಲ್ಲಿರಬೇಕು? ಅಲುಗಾಡುವ ದೋಣಿಯಲ್ಲಿ ಯಾರೂ ನೆಟ್ಟಗೆ ನಿಲ್ಲುವುದಿಲ್ಲ. ಮಂಡಿ ಬಾಗಿಸಿ ಕಾಲಗಲಿಸಿದಾಗ ಸೊಂಟ ಐದು ಹತ್ತು ಸೆಂ.ಮೀ. ಕೆಳಗಿಳಿಯುತ್ತದೆ. ಆದ್ದರಿಂದ ನಮ್ಮ ಕಡೆಯ ಸರಾಸರಿ ಮೈಕಟ್ಟಿನವರಿಗೆ 80ರಿಂದ 85 ಸೆಂ.ಮೀ. ಸರಿಹೋಗುತ್ತದೆ, ಎತ್ತರದವರಿಗೆ 90. ಮೀಟರನ್ನು ಮೀರಿದರೆ ಕಂಬಿ ಬೆನ್ನಿಗೆ ತಾಗಿ ಮೊಣಕೈಗಳ ಓಡಾಟಕ್ಕೆ ಅಡ್ಡವಾಗುತ್ತದೆ, ವಿಂಚಿನ ಹಿಡಿಯನ್ನು ತಿರುಗಿಸುವಾಗ ಮುಷ್ಟಿಗೆ ಬಡಿಯುತ್ತದೆ. ದೋಣಿಯಲ್ಲಿ ಒಂದೇ ಎತ್ತರದ ಜನ ಇರುವುದಿಲ್ಲವಾದ್ದರಿಂದ, ಕೂವೆಯ ಬಳಿಗೆ ಹೆಚ್ಚಾಗಿ ಹೋಗುವವರ ಅಳತೆಯನ್ನೇ ಹಿಡಿಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಎತ್ತರದಷ್ಟೇ ಮುಖ್ಯವಾದದ್ದು ಕೂವೆಗೂ ಕಂಬಿಗೂ ನಡುವಿನ ಅಂತರ. ಹೆಚ್ಚು ಜಾಗ ಬಿಟ್ಟರೆ ಕೆಲಸ ಸಲೀಸು ಎಂದು ತೋರುತ್ತದೆ, ಆದರೆ ಅಂತರ ಹೆಚ್ಚಿದಷ್ಟೂ ದೋಣಿ ಹೊಯ್ದಾಡಿದಾಗ ಮೈ ಹೆಚ್ಚು ವೇಗ ಪಡೆದು ಕಂಬಿಗೆ ಅಪ್ಪಳಿಸುತ್ತದೆ. ದೋಣಿ 20 ಡಿಗ್ರಿ ವಾಲಿದಾಗ 70 ಕೆ.ಜಿ. ತೂಕದ ವ್ಯಕ್ತಿಯನ್ನು ಡೆಕ್ಕಿನ ಇಳಿಜಾರಿನ ಕಡೆಗೆ ಎಳೆಯುವ ಬಲ ಸುಮಾರು 24 ಕೆ.ಜಿ.ಯಷ್ಟು. ಇದು ದೋಣಿ ಅಲುಗದೆ ವಾಲಿ ನಿಂತಾಗಿನ ಲೆಕ್ಕ. ಅಲೆ ಬಡಿದ ಕ್ಷಣದಲ್ಲಿ ಅದು ಎಷ್ಟೋ ಪಾಲು ಏರುತ್ತದೆ. ಮೊದಲೇ ಕಂಬಿಗೆ ಒರಗಿ ನಿಂತವರಿಗೆ ಈ ಬಲ ಬರಿಯ ಒತ್ತಡವಾಗಿ ಬರುತ್ತದೆ, ದೂರ ನಿಂತವರಿಗೆ ಪೆಟ್ಟಾಗಿ ಬರುತ್ತದೆ. ಆದ್ದರಿಂದ ಕೂವೆಯ ಮೈಯಿಂದ ಕಂಬಿಗೆ 50ರಿಂದ 60 ಸೆಂ.ಮೀ. ಸಾಕು. ಲೈಫ್ ಜಾಕೆಟ್ ತೊಟ್ಟವರು ಆ ಸಂದಿನಲ್ಲಿ ತಿರುಗಲು ಆಗಬೇಕು. ಜಾಕೆಟ್ ಗಾಳಿ ತುಂಬಿ ಉಬ್ಬಿದರೂ ಸಿಕ್ಕಿಕೊಳ್ಳಬಾರದು. ಮುಂದೆ ಹಿಂದೆ ಎರಡೂ ಕಡೆ ಬಾಯಿ ತೆರೆದಿರಬೇಕು. ಸುತ್ತಲೂ ಮುಚ್ಚಿದ ಬೋನಿನಂತೆ ಮಾಡಿದರೆ, ಒಳಹೋಗಲು ಕಂಬಿಯನ್ನು ಹತ್ತಿ ಇಳಿಯುವ ಗಳಿಗೆಯೇ ಎಲ್ಲಕ್ಕಿಂತ ಅಪಾಯದ್ದಾಗುತ್ತದೆ.

ಕಾಗದದ ಮೇಲಿನ ಈ ಅಳತೆಗಳನ್ನು ಉಕ್ಕಿಗೆ ಇಳಿಸುವ ಮೊದಲು ಬಿದಿರಿನಲ್ಲಿ ಕಟ್ಟಿ ನೋಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಬಿದಿರಿಗೆ ಬರವಿಲ್ಲ. ಹೆಬ್ಬೆರಳಿಗಿಂತ ತುಸು ದಪ್ಪನೆಯ ಗಳುಗಳನ್ನು ಕತ್ತರಿಸಿ, ನೈಲಾನ್ ದಾರದಿಂದ ಬಿಗಿದು, ಕಂಬಿಯ ನಿಜವಾದ ಗಾತ್ರದ ಚೌಕಟ್ಟನ್ನು ಕೂವೆಯ ಎರಡೂ ಮಗ್ಗುಲಿಗೆ ನಿಲ್ಲಿಸಿ, ದೋಣಿ ಜೆಟ್ಟಿಯಲ್ಲೇ ಕಟ್ಟಿರುವಾಗ ಹಾಯಿಯ ಪ್ರತಿಯೊಂದು ಕೆಲಸವನ್ನೂ ಮಾಡಿ ನೋಡಬೇಕು. ವಿಂಚಿನ ಹಿಡಿ ಸಾಮಾನ್ಯವಾಗಿ 200 ಅಥವಾ 250 ಮಿ.ಮೀ. ಉದ್ದವಿರುತ್ತದೆ, ಅದು ಪೂರ್ತಿ ಸುತ್ತು ತಿರುಗುವಾಗ ಬೆರಳಿನ ಗೆಣ್ಣುಗಳಿಗೂ ಗಳುವಿಗೂ ನಡುವೆ ಕನಿಷ್ಠ ಅಂಗೈಯಗಲ ಉಳಿಯಬೇಕು. ಅನಂತರ ಬೂಮನ್ನು ಒಂದು ಮಗ್ಗುಲಿಗೆ ಪೂರ್ತಿ ತಳ್ಳಬೇಕು, ಹಿಂಗಾಳಿಯಲ್ಲಿ ಹೋಗುವಾಗ ಅದು ಎಷ್ಟು ಹೊರಚಾಚುತ್ತದೋ ಅಷ್ಟು. ಹೆಚ್ಚಿನವರು ಎಡವುವುದು ಇಲ್ಲಿಯೇ. ಬೂಮ್ ಕಂಬಿಯ ಮೇಲಿಂದ ಹಾದುಹೋದೀತು. ಆದರೆ ಬೂಮನ್ನು ಕೆಳಕ್ಕೆ ಜಗ್ಗಿ ಹಿಡಿಯಲು ಕೂವೆಯ ಬುಡದಿಂದ ಓರೆಯಾಗಿ ಏರುವ ವ್ಯಾಂಗ್ ಎಂಬ ಹಗ್ಗ ಅಥವಾ ದಂಡ ಬೂಮಿನ ಜೊತೆಗೇ ತಿರುಗಿ ಬಂದು ಕಂಬಿಯ ಹಿಂತುದಿಗೆ ಒತ್ತುತ್ತದೆ. ಉಕ್ಕಿನ ಕಂಬಿಗೆ ಹೀಗೆ ಒತ್ತಿದರೆ ಬೂಮ್ ಮುರಿಯುವುದೋ ಡೆಕ್ ಕಿತ್ತುಬರುವುದೋ ಎರಡರಲ್ಲಿ ಒಂದು ಖಂಡಿತ. ಬಿದಿರಿಗೆ ಒತ್ತಿದರೆ ಗಳು ಬಾಗುತ್ತದೆ, ಎಷ್ಟು ಹಿಂದಕ್ಕೆ ಚಾಚಬಾರದು ಎಂಬ ಗುರುತು ಕಣ್ಣಮುಂದೆಯೇ ಸಿಗುತ್ತದೆ. ಆಮೇಲೆ ಹಗುರ ಗಾಳಿಯ ಒಂದು ಬೆಳಿಗ್ಗೆ ಆ ಬಿದಿರಿನ ಸಮೇತ ಕೊಲ್ಲಿಯೊಳಗೆ ಒಂದು ಸುತ್ತು ಹೋಗಿ, ಮುಂದಿನ ಹಾಯಿಯನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳಿಸಿ, ಅದರ ಹಗ್ಗಗಳು ಎಲ್ಲಿ ಸಿಕ್ಕಿಕೊಳ್ಳುತ್ತವೆ ಎಂದು ನೋಡಬೇಕು. ಮುಂದಿನ ಕಾಲು ನೆಟ್ಟಗಿದ್ದರೆ ಹಗ್ಗ ಅದಕ್ಕೆ ಸುತ್ತಿಕೊಳ್ಳುತ್ತದೆ. ಹಿಂದಕ್ಕೆ ವಾಲಿದಂತಿದ್ದು, ಮೇಲಿನ ತಿರುವು ದುಂಡಗಿದ್ದರೆ ಹಗ್ಗ ಜಾರಿಕೊಂಡು ಮೇಲಿಂದ ದಾಟಿಹೋಗುತ್ತದೆ. ಈ ಒಂದು ಬೆಳಗಿನಲ್ಲಿ ಬಿದಿರಿನ ಮೇಲೆ ಹಾಕಿದ ಸೀಮೆಸುಣ್ಣದ ಗುರುತುಗಳು ಯಾವ ನಕ್ಷೆಗಿಂತಲೂ ನಂಬಿಕೆಗೆ ಅರ್ಹ.

ಬಿದಿರಿನ ಚೌಕಟ್ಟು ಆಕಾರವನ್ನು ಹೇಳುತ್ತದೆಯೇ ಹೊರತು ಬಲವನ್ನು ಹೇಳುವುದಿಲ್ಲ. ಬಲದ ವಿಷಯದಲ್ಲಿ ಅಂದಾಜು ಸಾಲದು, ಸಣ್ಣ ಲೆಕ್ಕವೊಂದನ್ನು ಮಾಡಲೇಬೇಕು. ಎರಡು ಕಾಲುಗಳ ಮೇಲೆ ನಿಂತ, ಗೇಟಿನ ಚೌಕಟ್ಟಿನಂಥ ಸಾದಾ ಕಂಬಿಯನ್ನು ತೆಗೆದುಕೊಳ್ಳೋಣ. ಎತ್ತರ 80 ಸೆಂ.ಮೀ. ಮನುಷ್ಯನೊಬ್ಬ ಅಪ್ಪಳಿಸಿದಾಗ ಮೇಲ್ತುದಿಗೆ 100 ಕೆ.ಜಿ. ಭಾರದಷ್ಟು ಬಲ ಅಡ್ಡಲಾಗಿ ಬಿತ್ತು ಎನ್ನೋಣ; ಇದು ಉತ್ಪ್ರೇಕ್ಷೆಯ ಸಂಖ್ಯೆಯಲ್ಲ. ಆಗ ಒಂದೊಂದು ಕಾಲಿನ ಬುಡಕ್ಕೆ 40 ಕೆ.ಜಿ.-ಮೀಟರಿನಷ್ಟು ಬಾಗಿಸುವ ಬಲ ಬರುತ್ತದೆ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 25 ಮಿ.ಮೀ. ಹೊರವ್ಯಾಸ, 1.5 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಕೊಳವೆ, ಬೆಸುಗೆಯ ಕಾವಿಗೆ ಮೆತ್ತಗಾದ ಜಾಗದಲ್ಲಿ, 13ರಿಂದ 15 ಕೆ.ಜಿ.-ಮೀಟರಿಗೇ ಶಾಶ್ವತವಾಗಿ ಬಾಗಲು ತೊಡಗುತ್ತದೆ. ಕೊಳವೆಯನ್ನು 32 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪಕ್ಕೆ ಏರಿಸಿದರೂ ತಡೆಯುವ ಶಕ್ತಿ 30ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಂದರೆ ಗೇಟಿನಂಥ ಕಂಬಿ, ನೋಡಲು ಎಷ್ಟೇ ಗಟ್ಟಿಯಾಗಿ ಕಂಡರೂ, ಅಗತ್ಯ ಬಿದ್ದ ದಿನ ಮಲಗಿಬಿಡುತ್ತದೆ.

ದಪ್ಪ ಹೆಚ್ಚಿಸುತ್ತ ಹೋಗುವುದು ಇದಕ್ಕೆ ಪರಿಹಾರವಲ್ಲ. ಕಾಲುಗಳು ಒಂದೇ ಗೆರೆಯಲ್ಲಿ ನೆಟ್ಟಗೆ ನಿಲ್ಲದೆ, ಬುಡದಲ್ಲಿ ಒಂದರಿಂದ ಒಂದು ದೂರ ಸರಿದು, ತಲೆಯಲ್ಲಿ ಹತ್ತಿರ ಬರಬೇಕು. ಮೂರನೆಯ ಕಾಲೊಂದನ್ನು ಉಳಿದೆರಡರ ಗೆರೆಯಿಂದ 30 ಸೆಂ.ಮೀ. ಆಚೆಗೆ ಊರಿ, ಓರೆಯಾಗಿ ಮೇಲಿನ ಕಂಬಿಗೆ ಸೇರಿಸಿದರೆ ತ್ರಿಕೋನವಾಗುತ್ತದೆ. ಆಗ ಅದೇ 100 ಕೆ.ಜಿ. ಬಲ ಕೊಳವೆಗಳನ್ನು ಬಾಗಿಸುವ ಬದಲು ಒಂದನ್ನು ಒತ್ತಿ ಇನ್ನೊಂದನ್ನು ಎಳೆಯುತ್ತದೆ. ಆ ಒತ್ತು, ಸೆಳೆತ ಸುಮಾರು 270 ಕೆ.ಜಿ.ಯಷ್ಟಾಗುತ್ತದೆ, ಆದರೆ ಕೊಳವೆಯನ್ನು ಅದರ ಉದ್ದಕ್ಕೆ ಎಳೆದರೆ ಆ 25 ಮಿ.ಮೀ. ಕೊಳವೆಯೇ ಎರಡು ಟನ್ನಿಗೂ ಮೀರಿದ ಭಾರ ತಡೆಯುತ್ತದೆ. ಮೇಲಿನ ಕಂಬಿಯನ್ನು ನೇರವಾಗಿಡದೆ ಬಿಲ್ಲಿನಂತೆ ಬಾಗಿಸಿದರೆ, ಸೊಂಟಕ್ಕೆ ಒಪ್ಪುವುದರ ಜೊತೆಗೆ ಮುಂದೆ ಹಿಂದೆ ಬೀಳುವ ಹೊಡೆತಕ್ಕೂ ಬಲ ಬರುತ್ತದೆ. ಮೂರನೆಯ ಕಾಲು ಡೆಕ್ಕಿನ ಪಕ್ಕದ ಓಡಾಟದ ದಾರಿಗೆ ಅಡ್ಡ ಬರಬಾರದು ಎಂಬುದೊಂದೇ ಎಚ್ಚರ. ರಾತ್ರಿ ಕಾಲಿಗೆ ಎಡವುವಂತಿದ್ದರೆ ರಕ್ಷಣೆಗೆಂದು ಹಾಕಿದ್ದೇ ಅಪಾಯವಾಗುತ್ತದೆ. ತೂಕದ ಬಗ್ಗೆ ಚಿಂತೆ ಬೇಡ, ಆ ಕೊಳವೆ ಮೀಟರಿಗೆ ಒಂದು ಕೆ.ಜಿ.ಯೂ ತೂಗುವುದಿಲ್ಲ.

ಈ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಕೊಳವೆಯಲ್ಲ, ಅದರ ಕೆಳಗಿರುವ ಡೆಕ್. ಗೇಟಿನಂಥ ಕಂಬಿಯ ಒಂದು ಕಾಲಿನ ತಟ್ಟೆಯಲ್ಲಿ ಬೋಲ್ಟುಗಳ ಸಾಲುಗಳ ನಡುವೆ 50 ಮಿ.ಮೀ. ಅಂತರವಿದೆ ಎಂದರೆ, 40 ಕೆ.ಜಿ.-ಮೀಟರಿನ ಬಾಗುಬಲ ಒಂದು ಸಾಲಿನ ಬೋಲ್ಟುಗಳನ್ನು 800 ಕೆ.ಜಿ. ಬಲದಿಂದ ಮೇಲಕ್ಕೆ ಕೀಳುತ್ತದೆ. ಫೈಬರ್‌ಗ್ಲಾಸ್ ದೋಣಿಗಳ ಡೆಕ್ ಬಹುತೇಕ ಎರಡು ತೆಳ್ಳಗಿನ ಪದರಗಳ ನಡುವೆ ಬಾಲ್ಸಾ ಮರ ಅಥವಾ ಫೋಮ್ ತುಂಬಿದ ರಚನೆ. ಮರದ ಸ್ಕ್ರೂ ಹಾಕಿ ಕೂರಿಸಿದ ಕಂಬಿ ಇಂಥ ಡೆಕ್ಕಿನಲ್ಲಿ ಬೆಣ್ಣೆಯೊಳಗಿನ ಕಡ್ಡಿ ಇದ್ದಂತೆ. ಬೋಲ್ಟು ಡೆಕ್ಕನ್ನು ತೂರಿ ಹೋಗಿ, ಕೆಳಗೆ ಅಗಲವಾದ ಒತ್ತುತಟ್ಟೆಗೆ ಬಿಗಿಯಲೇಬೇಕು. ಬರಿಯ ವಾಷರ್ ಸಾಲದು. ಮೇಲಿನ ತಟ್ಟೆಯ ಎರಡು ಪಟ್ಟಾದರೂ ಅಗಲದ, 4ರಿಂದ 5 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಅಥವಾ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟನ್ನು ಲೇಪಿಸಿದ 12 ಮಿ.ಮೀ. ಮೆರೈನ್ ಪ್ಲೈವುಡ್ ತಟ್ಟೆಯನ್ನು ಅಂಚು ಉಜ್ಜಿ ದುಂಡಗೆ ಮಾಡಿ ಕೂರಿಸಬೇಕು. ಕೂವೆಯ ಸುತ್ತಲಿನ ಡೆಕ್ಕಿಗೆ ಬೇರೆಯೇ ಒಂದು ಕಷ್ಟವೂ ಇದೆ. ಹಗ್ಗಗಳನ್ನು ಹಿಂದಕ್ಕೆ ತಿರುಗಿಸುವ ಕಪ್ಪಿಗಳು ಅಲ್ಲಿ ಡೆಕ್ಕನ್ನು ಸದಾ ಮೇಲಕ್ಕೆ ಜಗ್ಗುತ್ತಿರುತ್ತವೆ, ಹಳೆಯ ದೋಣಿಗಳಲ್ಲಿ ಆ ಭಾಗ ಆಗಲೇ ದಣಿದಿರುತ್ತದೆ. ಕಂಬಿ ಹಾಕುವ ಮೊದಲು ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತ ಬನ್ನಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಒಳಗೆ ನೀರು ಕುಡಿದು ಕೊಳೆತ ಜಾಗ ಮಂದವಾಗಿ ಸದ್ದು ಮಾಡುತ್ತದೆ. ಮಂದ ಸದ್ದು ಬಂದರೆ ಕಂಬಿಯ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಡೆಕ್ಕನ್ನು ಸರಿಪಡಿಸಬೇಕು. ಕಂಬಿಯನ್ನು ಕೂವೆಗೇ ಬಿಗಿದು ಈ ತೊಂದರೆಯನ್ನು ತಪ್ಪಿಸಿಕೊಳ್ಳೋಣ ಎಂದು ಕೆಲವರು ಯೋಚಿಸುತ್ತಾರೆ. ಕೂವೆ ಗಾಳಿಯ ಭಾರಕ್ಕೆ ಅಲುಗುತ್ತಲೇ ಇರುವ ವಸ್ತು, ಜೊತೆಗೆ ಅದು ಅಲ್ಯೂಮಿನಿಯಂ. ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ತಾಗಿದ ಕಡೆ ಅಲ್ಯೂಮಿನಿಯಂ ಸವೆಯುತ್ತದೆ. ಆ ಯೋಚನೆ ಬೇಡ.

ರಂಧ್ರ ಕೊರೆಯುವ ಕೆಲಸವನ್ನು ಅವಸರದಲ್ಲಿ ಮಾಡಿದರೆ ಮೂರು ಮಳೆಗಾಲಗಳಲ್ಲಿ ಡೆಕ್ ಕೊಳೆಯುತ್ತದೆ. 8 ಮಿ.ಮೀ. ಬೋಲ್ಟಿಗೆ 8 ಮಿ.ಮೀ. ರಂಧ್ರ ಕೊರೆದು, ನೀರು ತಡೆಯುವ ಸೀಲೆಂಟ್ ಮೆತ್ತಿದರೆ ಕೆಲಸ ಮುಗಿಯಿತೆಂದು ತೋರುತ್ತದೆ. ಆದರೆ ಸೀಲೆಂಟ್ ಒಂದು ದಿನ ಬಿರುಕು ಬಿಡುತ್ತದೆ, ನೀರು ಬೋಲ್ಟಿನ ಮೈಯಗುಂಟ ಇಳಿದು ಬಾಲ್ಸಾಕ್ಕೆ ತಲುಪುತ್ತದೆ, ಆಮೇಲೆ ಅದು ಹೊರಬರುವುದೇ ಇಲ್ಲ. ಸರಿಯಾದ ಕ್ರಮ ಹೀಗಿದೆ. ಮೊದಲು ರಂಧ್ರವನ್ನು ಬೋಲ್ಟಿಗಿಂತ ದೊಡ್ಡದಾಗಿ, 14 ಅಥವಾ 16 ಮಿ.ಮೀ. ಕೊರೆಯಬೇಕು, ಕೆಳಗಿನ ಪದರ ಮಾತ್ರ ತೂತಾಗದಂತೆ ಉಳಿಸಿಕೊಳ್ಳಬೇಕು. ಬಾಗಿಸಿದ ಮೊಳೆಯೊಂದನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ಪದರಗಳ ನಡುವಿನ ಬಾಲ್ಸಾ ಸುತ್ತಲೂ ಕೆರೆದು ಬರುತ್ತದೆ. ಒಣಗಿದ ಬಾಲ್ಸಾದ ಪುಡಿ ಹಿಟ್ಟಿನಂತೆ ಹಗುರವಾಗಿ ಹಾರುತ್ತದೆ. ಬೆರಳಿಗೆ ತಣ್ಣಗೆ ಅಂಟುವ, ಕಂದುಬಣ್ಣದ ಪುಡಿ ಬಂದರೆ ನೀರು ಮೊದಲೇ ಸೇರಿದೆ ಎಂದರ್ಥ. ಪುಡಿಯನ್ನು ಹೀರಿ ತೆಗೆದು, ತೆಳ್ಳಗಿನ ಎಪಾಕ್ಸಿಯನ್ನು ಮೊದಲು ಸುರಿದು ಮರಕ್ಕೆ ಕುಡಿಸಿ, ಅದರ ಮೇಲೆ ಸಿಲಿಕಾ ಪುಡಿ ಕಲಸಿ ಗಟ್ಟಿಮಾಡಿದ ಎಪಾಕ್ಸಿಯನ್ನು ತುಂಬಬೇಕು. ಅದು ಕಲ್ಲಿನಂತಾದ ಮರುದಿನ ಅದರ ನಡುವೆ 8 ಮಿ.ಮೀ. ರಂಧ್ರ ಕೊರೆದರೆ, ಬೋಲ್ಟಿನ ಸುತ್ತ ನೀರು ಹೊಗದ ಗಟ್ಟಿ ಕೊಳವೆಯೊಂದು ನಿಂತಂತಾಯಿತು. ಬಿಗಿಯುವಾಗ ಡೆಕ್ ಕುಸಿಯುವುದೂ ಇಲ್ಲ. ರಂಧ್ರದ ಬಾಯಿಯನ್ನು ಮೇಲ್ಗಡೆ ತುಸು ಬಟ್ಟಲಾಕಾರವಾಗಿ ಕೆರೆದರೆ ಬ್ಯೂಟೈಲ್ ಸೀಲೆಂಟ್ ಅಲ್ಲಿ ಉಂಗುರದಂತೆ ಕೂರುತ್ತದೆ. ಬಿಗಿಯುವಾಗ ಒಬ್ಬರು ಮೇಲೆ ಬೋಲ್ಟಿನ ತಲೆಯನ್ನು ಅಲುಗದಂತೆ ಹಿಡಿದು, ಇನ್ನೊಬ್ಬರು ಕೆಳಗಿನಿಂದ ನಟ್ಟನ್ನು ಮಾತ್ರ ತಿರುಗಿಸಬೇಕು, ಇಲ್ಲವಾದರೆ ಸೀಲೆಂಟ್ ಹರಿದುಹೋಗುತ್ತದೆ.

ಕೆಲಸದ ಕಾಲದ ಬಗ್ಗೆಯೂ ಒಂದು ಮಾತು ಹೇಳಬೇಕಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕರಾವಳಿಯ ಬೋಟುಗಳೆಲ್ಲ ದಡದಲ್ಲಿರುತ್ತವೆ, ರಿಪೇರಿಗೆ ಅದೇ ಕಾಲ ಎಂಬುದು ಇಲ್ಲಿನ ರೂಢಿ. ಹಾಯಿದೋಣಿಯ ಡೆಕ್ ತೆರೆಯುವ ಕೆಲಸಕ್ಕೆ ಮಾತ್ರ ಈ ರೂಢಿ ಹೊಂದುವುದಿಲ್ಲ. ಮಳೆಗಾಲದ ತೇವದಲ್ಲಿ ತೆರೆದಿಟ್ಟ ಬಾಲ್ಸಾ ಗಾಳಿಯಿಂದಲೇ ನೀರು ಹೀರುತ್ತದೆ, ಎಪಾಕ್ಸಿಯ ಮೇಲೆ ಮೇಣದಂಥ ಪೊರೆ ಕಟ್ಟಿ ಮುಂದಿನ ಪದರ ಅಂಟುವುದಿಲ್ಲ. ಕೊಳವೆ ಬಾಗಿಸುವುದು, ಬೆಸುಗೆ, ಹೊಳಪು ಇವೆಲ್ಲ ಮಳೆಗಾಲದಲ್ಲಿ ಆಗಲಿ. ಡೆಕ್ಕಿಗೆ ಡ್ರಿಲ್ ತಾಗಿಸುವುದು ಡಿಸೆಂಬರ್ ಕಳೆದ ಮೇಲಾಗಲಿ.

ಇನ್ನು ಲೋಹದ ವಿಚಾರ. ಕಾರವಾರದಿಂದ ಭಟ್ಕಳದವರೆಗೆ ಸಮುದ್ರದ ಹತ್ತಿರದ ಮನೆಗಳ ಹೊಳೆಯುವ ಸ್ಟೀಲ್ ಕಟಕಟೆಗಳನ್ನು ಗಮನಿಸಿದವರಿಗೆ, ಬೆಸುಗೆಯ ಸುತ್ತ ಚಹಾದ ಕಲೆಯಂತೆ ಹಬ್ಬುವ ಕಂದುಬಣ್ಣ ಪರಿಚಿತ. ಆ ಕಟಕಟೆಗಳು ಹೆಚ್ಚಾಗಿ 202 ಅಥವಾ 304 ದರ್ಜೆಯವು. ಡೆಕ್ಕಿಗೆ ಬೇಕಾದದ್ದು 316, ಬೆಸುಗೆ ಹಾಕುವುದರಿಂದ ಅದರಲ್ಲೂ ಇಂಗಾಲ ಕಡಿಮೆಯಿರುವ 316ಎಲ್. ಅದರಲ್ಲಿರುವ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ, ಉಪ್ಪಿನ ಕ್ಲೋರೈಡ್ ಲೋಹದ ಮೈಯನ್ನು ಚುಚ್ಚಿ ಸಣ್ಣ ಗುಳಿಗಳನ್ನು ಮಾಡುವುದನ್ನು ತಡೆಯುತ್ತದೆ. ಆಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಈ ಪರೀಕ್ಷೆಯನ್ನು ನಂಬಬಾರದು: 202, 304, 316 ಮೂರೂ ಆಯಸ್ಕಾಂತಕ್ಕೆ ಹೆಚ್ಚೇನೂ ಅಂಟುವುದಿಲ್ಲ, ಬಾಗಿಸಿದ ಕಡೆಯಲ್ಲಿ ಒಳ್ಳೆಯದೂ ತುಸು ಅಂಟಬಹುದು. ತಯಾರಕರ ಪರೀಕ್ಷಾ ಪತ್ರವನ್ನು ಕೇಳಿ ಪಡೆಯುವುದು, ಇಲ್ಲವೇ ಮಾಲಿಬ್ಡಿನಂ ಇದೆಯೇ ಎಂದು ತೋರಿಸುವ ರಾಸಾಯನಿಕ ಹನಿ ಹಾಕಿ ನೋಡುವುದು, ಇವು ನಂಬಬಹುದಾದ ದಾರಿಗಳು.

ಬೆಸುಗೆಯನ್ನು ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಟಿಗ್ ವಿಧಾನದಿಂದ ಹಾಕಿಸಬೇಕು, ಕೊಳವೆಯ ಒಳಗೂ ಆರ್ಗಾನ್ ಹರಿಸಿದರೆ ಉತ್ತಮ. ಬೆಸುಗೆಯ ಪಕ್ಕದಲ್ಲಿ ಕಾಣುವ ನೀಲಿ, ಕಂದು ಪಟ್ಟೆ ಅಂದಕ್ಕೆ ಸಂಬಂಧಿಸಿದ್ದಲ್ಲ. ಅಲ್ಲಿ ಕ್ರೋಮಿಯಂನ ರಕ್ಷಣಾ ಪೊರೆ ಕೆಟ್ಟಿದೆ ಎಂದೇ ಅರ್ಥ. ಅದನ್ನು ಪಿಕ್ಲಿಂಗ್ ಪೇಸ್ಟಿನಿಂದ ತೆಗೆಯಬೇಕು, ಆ ಪೇಸ್ಟಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುವುದರಿಂದ ಕೈಗವಸು, ಕನ್ನಡಕಗಳಿಲ್ಲದೆ ಯಾರೂ ಮುಟ್ಟಬಾರದು. ಕಬ್ಬಿಣದ ಗೇಟು ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ ಕೊಡುವುದಾದರೆ, ಕಬ್ಬಿಣ ಉಜ್ಜಿದ ಗ್ರೈಂಡರ್ ಚಕ್ರವನ್ನು ಇದಕ್ಕೆ ತಾಗಿಸದಂತೆ ಮೊದಲೇ ಹೇಳಬೇಕು. ಅದರ ಕಣಗಳು ಮೈಗೆ ಹುದುಗಿ, ಒಂದೇ ವಾರದಲ್ಲಿ ತುಕ್ಕಿನ ಚುಕ್ಕೆಗಳಾಗಿ ಏಳುತ್ತವೆ. ಪ್ರತಿ ಕಾಲಿನ ಬುಡದಲ್ಲಿ ನೀರು ಬಸಿಯಲು ಸಣ್ಣ ತೂತೊಂದು ಇರಲಿ.

ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಗುಡುಗು ಮಿಂಚು ನಮ್ಮಲ್ಲಿ ಸಾಮಾನ್ಯವಾದ್ದರಿಂದ, ಸಿಡಿಲು ಕೂವೆಗೆ ಬಡಿದರೆ ಪಕ್ಕದ ಲೋಹಕ್ಕೆ ಹಾರಬಲ್ಲುದು ಎಂಬುದನ್ನೂ ನೆನಪಿಡಬೇಕು. ದೋಣಿಯಲ್ಲಿ ಸಿಡಿಲನ್ನು ನೀರಿಗೆ ಇಳಿಸುವ ತಂತಿ ವ್ಯವಸ್ಥೆ ಇದ್ದರೆ, ಕೂವೆಯಿಂದ ಎರಡು ಮೀಟರಿನೊಳಗಿರುವ ಈ ಕಂಬಿಗಳನ್ನೂ ಅದಕ್ಕೆ ಸೇರಿಸಬೇಕು. ಗುಡುಗಿನ ಹೊತ್ತಿನಲ್ಲಿ ಅಲ್ಲಿ ಒರಗಿ ನಿಲ್ಲುವ ಮಾತೇ ಇಲ್ಲ.

ಎಲ್ಲ ಹಗ್ಗಗಳನ್ನೂ ಚುಕ್ಕಾಣಿಯ ಬಳಿಗೇ ತಿರುಗಿಸಿಬಿಟ್ಟರೆ ಕೂವೆಯ ಬಳಿ ಯಾರೂ ಹೋಗಬೇಕಾಗಿಲ್ಲವಲ್ಲ, ಈ ಕಂಬಿಗಳ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸಣ್ಣ ದೋಣಿಗಳಲ್ಲಿ, ದಡದ ಹತ್ತಿರದ ಓಡಾಟದಲ್ಲಿ ಅದು ಒಳ್ಳೆಯ ವ್ಯವಸ್ಥೆ. ಆದರೆ ಪ್ರತಿಯೊಂದು ಕಪ್ಪಿಯೂ ಘರ್ಷಣೆಯನ್ನು ಕೂಡಿಸುತ್ತದೆ. ಗಾಳಿ ಜೋರಾದ ದಿನ ಹಾಯಿ ಅರ್ಧದಲ್ಲಿ ಸಿಕ್ಕಿಕೊಂಡರೆ, ಹಗ್ಗ ಕಪ್ಪಿಯಿಂದ ಜಾರಿದರೆ, ಅದನ್ನು ಬಿಡಿಸಲು ಯಾರಾದರೂ ಕೂವೆಗೆ ಹೋಗಲೇಬೇಕು, ಅದೂ ಅತ್ಯಂತ ಕೆಟ್ಟ ಗಳಿಗೆಯಲ್ಲಿ. ಹಗ್ಗಗಳು ಹಿಂದಕ್ಕೆ ಬರುವ ದೋಣಿಯಲ್ಲೂ ಕಂಬಿ ಇರಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಂಬಿ ಇದೆ ಎಂಬ ಧೈರ್ಯದಲ್ಲಿ, ಮೈಯನ್ನು ದೋಣಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿಯ ಕೊಂಡಿಯನ್ನು ಮರೆಯುವುದು ಮಾತ್ರ ಎಂದೂ ಸಲ್ಲದು. 1979ರ ಫಾಸ್ಟ್‌ನೆಟ್ ಎಂಬ ಹಾಯಿದೋಣಿ ಸ್ಪರ್ಧೆಯ ಬಿರುಗಾಳಿಯಲ್ಲಿ 15 ನಾವಿಕರು ಸತ್ತ ಮೇಲೆ ನಡೆದ ವಿಚಾರಣೆ, ಸುರಕ್ಷಾ ಪಟ್ಟಿಗಳು ಮತ್ತು ಅವನ್ನು ಕಟ್ಟುವ ಜಾಗಗಳು ಕೈಕೊಟ್ಟದ್ದರ ಕಡೆಗೆ ಎಲ್ಲರ ಗಮನ ಸೆಳೆಯಿತು. ಪಟ್ಟಿಯ ಹಗ್ಗ ಎರಡು ಮೀಟರಿಗಿಂತ ಉದ್ದವಿರಬಾರದು. ಕೂವೆಯ ಬಳಿ ಕೆಲಸ ಮಾಡುವಾಗ ಒಂದು ಮೀಟರಿನ ಗಿಡ್ಡ ಹಗ್ಗವೇ ಸರಿ, ಏಕೆಂದರೆ ಉದ್ದದ ಹಗ್ಗ ಮನುಷ್ಯನನ್ನು ದೋಣಿಯ ಅಂಚಿನಾಚೆ ನೀರಿನಲ್ಲಿ ಎಳೆದಾಡುವಷ್ಟು ದೂರ ಬಿಡುತ್ತದೆ. ಕೊಂಡಿಯನ್ನು ಕಂಬಿಗೆ ಸಿಕ್ಕಿಸಬಾರದು. ಕೂವೆಯ ಬುಡದಲ್ಲಿ ಅದಕ್ಕೆಂದೇ ಡೆಕ್ಕನ್ನು ತೂರಿ ಬಿಗಿದ ಬಳೆಯೊಂದಿರಬೇಕು. ಕಂಬಿಯ ಎತ್ತರದಿಂದ ಬೀಳುವ ಎಳೆತ ಅದರ ಬುಡಕ್ಕೆ ಎಷ್ಟು ಪಟ್ಟಾಗಿ ತಲುಪುತ್ತದೆ ಎಂಬುದನ್ನು ಮೇಲಿನ ಲೆಕ್ಕ ಆಗಲೇ ತೋರಿಸಿದೆ.

ಕೂರಿಸಿದ ಮೊದಲ ವರ್ಷ ಕಂಬಿಯನ್ನು ಸುಮ್ಮನೆ ಬಿಡಬಾರದು. ಹೊಸ ಸೀಲೆಂಟ್ ಒತ್ತಿ ಕೂರುವುದರಿಂದ ನಟ್ಟುಗಳು ಕೆಲವು ವಾರಗಳಲ್ಲಿ ಸಡಿಲಗೊಂಡಿರುತ್ತವೆ, ಮತ್ತೊಮ್ಮೆ ಬಿಗಿಯಬೇಕು. ಮಳೆಗಾಲ ಮುಗಿದ ಮೇಲೆ ಡೆಕ್ಕಿನ ಕೆಳಗೆ ಟಾರ್ಚ್ ಹಿಡಿದು, ಒತ್ತುತಟ್ಟೆಯ ಸುತ್ತ ಕಂದು ಹನಿಯ ಗುರುತಿದೆಯೇ ಎಂದು ನೋಡಬೇಕು. ಅಂಥ ಗುರುತು ಕಂಡ ಕಾಲಿನಿಂದ ಒಂದು ಬೋಲ್ಟನ್ನು ಹೊರತೆಗೆದು, ಡೆಕ್ಕಿನೊಳಗೆ ಅಡಗಿದ್ದ ಅದರ ನಡುಭಾಗವನ್ನು ಪರೀಕ್ಷಿಸಬೇಕು. ಸ್ಟೇನ್‌ಲೆಸ್ ಗಾಳಿಯಾಡುವ ಕಡೆ ಹೊಳೆಯುತ್ತಿದ್ದು, ಆಮ್ಲಜನಕ ತಲುಪದ ಒದ್ದೆ ಸಂದಿನಲ್ಲಿ ಒಳಗೊಳಗೇ ಸವೆಯುತ್ತದೆ. ಆದ್ದರಿಂದ ಮೇಲಿನ ತಲೆ, ಕೆಳಗಿನ ನಟ್ಟು ಎರಡೂ ಹೊಸದರಂತೆ ಕಂಡರೂ ನಡುವೆ ಬೋಲ್ಟಿನ ಮೈ ತೆಳುವಾಗಿರಬಹುದು. ಗುಳಿ ಬಿದ್ದ ಬೋಲ್ಟು ಒಂದು ಸಿಕ್ಕಿದರೂ ಆ ಕಾಲಿನ ಎಲ್ಲ ಬೋಲ್ಟುಗಳನ್ನು ಬದಲಾಯಿಸಿ, ಹಳೆಯ ಸೀಲೆಂಟನ್ನು ಪೂರ್ತಿ ಕೆರೆದು ತೆಗೆದು, ಹೊಸದನ್ನು ಹಾಕಿ ಕೂರಿಸಬೇಕು.